ಕಂಬಾಲಪಲ್ಲಿಯ ಸಾಕ್ಷಿಗಳು
ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೇರಿಯವರು ಪತ್ರಿಕೆಯವರಿಗೆ ಹೇಳಿದರು, ಪೊಲೀಸರಿಗೂ ಹೇಳಿದರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಆ ಸಾಕ್ಷಿಗಳನ್ನು ‘ಮಾರಿಕೊಂಡರು’ ಅಂತ ಪೇಟೆಯಲ್ಲಿ ಕೂತು ಬಯ್ಯೋದು ಸುಲಭ. ಪೊಲೀಸರು ಬರಕೊಂಡ ಹೇಳಿಕೆ ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ, ಹೇಳಿದವರ ಮಾತು ಆಮೇಲೆ ಬದಲಾಯಿತೆಂದು ತೋರಿಸಲಷ್ಟೇ ಅದು ಬೇಕು. ಆದರೆ ಅದರ ಪ್ರತಿ ಆರೋಪಪಟ್ಟಿಯ ಜೊತೆ, ಕಾನೂನಿನ ಪ್ರಕಾರವೇ, ಆರೋಪಿಯ ಕೈಸೇರುತ್ತದೆ. ಕೂಲಿ ಕೊಡೋನೂ ಅವನೇ ಆದರೆ? ಪತ್ರಿಕೆಯಲ್ಲಿ ಹೆಸರು ಬಂದರಂತೂ ಊರಿಗೇ ಗೊತ್ತು. ಸಾಕ್ಷಿಗಳಿಗೆ ರಕ್ಷಣೆಯ ಹಕ್ಕು ಕೊಡುವ 15ಎ ಕಲಮು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾರಿಗೆ ಬಂದಿದ್ದು 2016ರ ಜನವರಿಯಲ್ಲಿ, ಹೈಕೋರ್ಟಿನ ತೀರ್ಪೂ ಮುಗಿದ ಮೇಲೆ.