ಕ್ಯೂ ಕಾಯಿನ್ ಮತ್ತು ಚಿನ್ನದ ಬೇಸಾಯ

ಚಿನ್ನವನ್ನು ಅಗೀತಾರೆ, ಅಡ ಇಡ್ತಾರೆ, ಕದೀತಾರೆ. ಅದನ್ನ ಬೆಳೆಯೋರೂ ಇದ್ದಾರೆ ಅಂತ ಗೊತ್ತಾಗಿದ್ದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ. ಇಂಗ್ಲಿಷಿನಲ್ಲಿ ಇದಕ್ಕೆ ಗೋಲ್ಡ್ ಫಾರ್ಮಿಂಗ್ ಅಂತಾರೆ. ಹಳ್ಳಿಯವನಾದ ನನಗೆ ಫಾರ್ಮಿಂಗ್ ಅಂದ ಕೂಡಲೇ ಕಿವಿ ನೆಟ್ಟಗಾಯ್ತು.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟದಲ್ಲಿ ರಾಕ್ಷಸರನ್ನು ಕೊಂದರೆ ಚಿನ್ನದ ನಾಣ್ಯ ಸಿಗುತ್ತೆ. ಅಷ್ಟು ಹೊತ್ತು ಆಡೋಕೆ ಪುರುಸೊತ್ತಿಲ್ಲದ ಅಮೆರಿಕದವನಿಗಾಗಿ ಚೀನಾದ ಹುಡುಗನೊಬ್ಬ ಕೂಲಿಗೆ ಆಡಿ ನಾಣ್ಯ ಕೂಡಿಸ್ತಾನೆ. 2007ರಲ್ಲಿ ಪತ್ರಕರ್ತ ಜೂಲಿಯನ್ ಡಿಬೆಲ್ ನಾನ್‌ಜಿಂಗ್ ನಗರಕ್ಕೆ ಹೋಗಿ ಇಂಥವರ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ಗೆ ಬರೆದರು. ಪಾಳಿ 12 ಗಂಟೆಯದು, ವಾರದ ರಜೆ ಇಲ್ಲ. 100 ನಾಣ್ಯ ಕೂಡಿಸಿದರೆ ಹುಡುಗನಿಗೆ 10 ಯುವಾನ್, ಅಂದರೆ ಸುಮಾರು ಒಂದೂಕಾಲು ಡಾಲರ್. ಅದೇ ನಾಣ್ಯ ಕೊನೆಯ ಗಿರಾಕಿಗೆ ತಲುಪುವಾಗ 20 ಡಾಲರ್‌ವರೆಗೂ ಏರುತ್ತಿತ್ತು. ಟೊಮೆಟೊ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಚೀನಾ ಸರ್ಕಾರಕ್ಕೆ ತಲೆನೋವಾಗಿದ್ದು ಈ ಚಿನ್ನವಲ್ಲ, ಟೆನ್ಸೆಂಟ್ ಕಂಪನಿಯ ಕ್ಯೂ ಕಾಯಿನ್. ಬೆಲೆ ಒಂದಕ್ಕೆ ಒಂದು ಯುವಾನ್. ಚಾಟಿಂಗ್‌ನಲ್ಲಿ ನಮ್ಮ ಗೊಂಬೆಗೆ ಅಂಗಿ ತೊಡಿಸೋಕೆ, ಗೇಮ್ ಆಡೋಕೆ ಅಂತ ಶುರುವಾದದ್ದು. ಜನ ಇದನ್ನು ಬೇರೆ ಸಾಮಾನು ಕೊಳ್ಳೋಕೂ ಬಳಸತೊಡಗಿದರು. ವಾಪಸ್ ಯುವಾನ್ ಮಾಡಿಕೊಡುವ ದಲ್ಲಾಳಿಗಳೂ ಹುಟ್ಟಿಕೊಂಡರು. ನೋಟು ಅಚ್ಚು ಹಾಕೋಕೆ ಸರ್ಕಾರಕ್ಕೆ ಕಾಗದ, ಶಾಯಿ, ಕಾವಲು ಬೇಕು. ಕಂಪನಿಗೆ ಡೇಟಾಬೇಸ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಆಯ್ತು. ರಿಸರ್ವ್ ಬ್ಯಾಂಕ್‌ನಂಥ ಯಾವ ಸಂಸ್ಥೆ ತಾನೇ ನೆಮ್ಮದಿಯಾಗಿ ನಿದ್ದೆ ಮಾಡೀತು?

ಹಾಗಾಗಿ 2007ರ ಫೆಬ್ರವರಿಯಲ್ಲಿ 14 ಇಲಾಖೆಗಳು ಸೇರಿ ಸುತ್ತೋಲೆ ಹೊರಡಿಸಿದವು: ಕಂಪನಿಗಳು ಹೊರಡಿಸುವ ನಾಣ್ಯಕ್ಕೆ ಮಿತಿ ಇರಬೇಕು, ಅದರಿಂದ ನಿಜವಾದ ಸಾಮಾನು ಕೊಳ್ಳುವಂತಿಲ್ಲ. 2009ರ ಜೂನ್‌ನಲ್ಲಿ ಸಂಸ್ಕೃತಿ ಮತ್ತು ವಾಣಿಜ್ಯ ಇಲಾಖೆಗಳು ಹಗ್ಗ ಇನ್ನಷ್ಟು ಬಿಗಿದವು. ನಾಣ್ಯ ಹೊರಡಿಸುವ ಕಂಪನಿಯೇ ಅದರ ಸಂತೆ ನಡೆಸುವಂತಿಲ್ಲ. ಅಪ್ರಾಪ್ತರಿಗೆ ವ್ಯಾಪಾರದ ಸೌಲಭ್ಯ ಕೊಡುವಂತಿಲ್ಲ. ಆಟ ಮುಚ್ಚುವುದಾದರೆ 60 ದಿನ ಮೊದಲೇ ತಿಳಿಸಿ, ಉಳಿದ ನಾಣ್ಯದ ದುಡ್ಡು ಆಟಗಾರನಿಗೆ ವಾಪಸ್ ಕೊಡಬೇಕು. ಕೊನೆಯದಂತೂ ನಿಜಕ್ಕೂ ಒಳ್ಳೆಯ ನಿಯಮ.

ಹೊರದೇಶದ ಕೆಲವು ಪತ್ರಿಕೆಗಳು ಮಾತ್ರ ‘ಚೀನಾದಲ್ಲಿ ಗೋಲ್ಡ್ ಫಾರ್ಮಿಂಗ್ ಬಂದ್’ ಅಂತ ತಲೆಬರಹ ಕೊಟ್ಟವು. ಆದೇಶ ಓದಿದರೆ ಹಾಗಿಲ್ಲ. ಅದರ ಪ್ರಕಾರ ವರ್ಚುವಲ್ ಕರೆನ್ಸಿ ಅಂದರೆ ಕಂಪನಿ ಹೊರಡಿಸಿ, ಆಟಗಾರ ನಿಜ ದುಡ್ಡು ಕೊಟ್ಟು ಕೊಂಡದ್ದು. ಆಟದೊಳಗೆ ದುಡಿದು ಗಳಿಸಿದ ಕತ್ತಿ, ಕವಚಗಳು ಆ ಲೆಕ್ಕಕ್ಕೆ ಬರೋದಿಲ್ಲ. ಕೋಡ್ ಬರೆಯುವವರಿಗೆ ಗೊತ್ತಿರುತ್ತೆ, ವ್ಯಾಖ್ಯೆಯಲ್ಲಿ ಏನು ಬಿಟ್ಟಿದ್ದೇವೆ ಅನ್ನೋದರ ಮೇಲೇ ಪ್ರೋಗ್ರಾಂ ಏನು ಮಾಡುತ್ತೆ ಅನ್ನೋದು ನಿಂತಿರುತ್ತೆ.

ಈ ವ್ಯಾಖ್ಯೆಯಲ್ಲಿ ಯುವಾನ್‌ಗೆ ರಕ್ಷಣೆ ಸಿಕ್ಕಿತು, ದುಡ್ಡು ಕೊಟ್ಟು ನಾಣ್ಯ ಕೊಂಡ ಆಟಗಾರನಿಗೂ ಸ್ವಲ್ಪ ಸಿಕ್ಕಿತು. ರಾತ್ರಿಯೆಲ್ಲ ಕೂತು ಚಿನ್ನ ಬೆಳೆದವನ ಕೂಲಿ, ಪಾಳಿ, ರಜೆಯ ಮಾತು ಅದರಲ್ಲಿ ಬರಲೇ ಇಲ್ಲ. ಇವತ್ತು ಕ್ರಿಪ್ಟೋ, ಆನ್‌ಲೈನ್ ಗೇಮ್ ಅಂತ ಯಾವ ದೇಶ ಹೊಸ ಕಾನೂನು ತಂದರೂ ನಾನು ಮೊದಲು ಹುಡುಕೋದು ವ್ಯಾಖ್ಯೆಯ ಪುಟವನ್ನೇ. ನಾಣ್ಯ ಅಲ್ಲಿ ಇದ್ದೇ ಇರುತ್ತೆ. ಅದನ್ನು ದುಡಿದವನು ಇದ್ದಾನಾ ಅಂತ ನೋಡ್ತೀನಿ.