ಛತ್ರ, ಗೋದಲಿ, ಸಮಾಧಾನ: ಅನ್ನೂರಿನ ಕನ್ನಡ ಮಕ್ಕಳಿಗೆ ಕ್ರಿಸ್ತಜನನದ ಕಥೆ

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಛತ್ರದ ಯಜಮಾನ ಎಂಬ ಪಾತ್ರವೇ ಇಲ್ಲ. ಕದ ತೆರೆದು ಗದರಿ ಕಳಿಸುವವನು ಅಲ್ಲೆಲ್ಲೂ ಬರುವುದಿಲ್ಲ. ಆದರೂ ಡಿಸೆಂಬರಿನಲ್ಲಿ ಶಾಲೆಗಳಲ್ಲೂ ಸಂಡೇ ಸ್ಕೂಲುಗಳಲ್ಲೂ ಮಕ್ಕಳು ಆಡುವ ಕ್ರಿಸ್ತಜನನದ ನಾಟಕಗಳಲ್ಲಿ ಅವನು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಗಟ್ಟಿ ದನಿಯ ಹುಡುಗನಿಗೆ ಆ ಪಾತ್ರ. ಸುವಾರ್ತೆಗಾರ ಹೇಳಿದ್ದು ಒಂದೇ ಸಂಗತಿ: ಅವರಿಗೆ ಅಲ್ಲಿ ಸ್ಥಳವಿರಲಿಲ್ಲ. ಸ್ಥಳವಿಲ್ಲದ್ದನ್ನು ನಾವು ಒಬ್ಬನ ತಪ್ಪಾಗಿ ಮಾಡಿದ್ದೇವೆ. ಶಾಂತಿಯ ಪಾಠವೆಂದು ಹೇಳಿಕೊಡುವ ಕಥೆಯಲ್ಲಿ ಮಗು ಮೊದಲು ಕಲಿಯುವುದು ಕೆಟ್ಟವನನ್ನು ಗುರುತಿಸುವುದನ್ನು. ಇದು ಸಣ್ಣ ದೋಷವಲ್ಲ ಎಂಬುದು ಈ ಲೇಖನದ ವಾದ. ಕಥೆಯ ಕನ್ನಡ ಪದಗಳನ್ನೇ ಹಿಡಿದು ಹೊರಟರೆ ಶಾಂತಿಯನ್ನು ಮಕ್ಕಳಿಗೆ ಬೇರೆಯದೇ ರೀತಿಯಲ್ಲಿ ಕಲಿಸಬಹುದು ಎಂಬುದು ಅದರ ಮುಂದಿನ ಮಾತು.

ಈ ವಾದಕ್ಕೆ ನೆಲವಾಗಿ ಅನ್ನೂರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೊಯಮತ್ತೂರಿನಿಂದ ಸುಮಾರು 30 ಕಿಲೋಮೀಟರು ದೂರದ ಈ ಊರು ಸತ್ಯಮಂಗಲದ ದಾರಿಯಲ್ಲಿದೆ. ಅದೇ ದಾರಿ ಮುಂದೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಹಾಸನೂರು ದಾಟಿ ಚಾಮರಾಜನಗರಕ್ಕೆ ಇಳಿಯುತ್ತದೆ. ಈ ಸೀಮೆಯ ಒಕ್ಕಲಿಗರ, ದೇವಾಂಗರ ಮನೆಗಳಲ್ಲಿ ಕನ್ನಡ ಉಳಿದಿದೆ. ಅದು ಬಹುತೇಕ ಬಾಯಿಯ ಕನ್ನಡ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆಯ ನಂತರ ಶಾಲೆಯಲ್ಲಿ ತಮಿಳು ಕಡ್ಡಾಯ. ಹೀಗಾಗಿ ಮಗು ತಮಿಳಿನಲ್ಲಿ ಓದುತ್ತದೆ, ಕನ್ನಡದಲ್ಲಿ ಅಳುತ್ತದೆ. ಈ ಮನೆಗಳಲ್ಲಿ ಹೆಚ್ಚಿನವು ಹಿಂದೂ ಮನೆಗಳು. ಕ್ರಿಸ್ತಜನನದ ಕಥೆ ಅಲ್ಲಿಯ ಮಕ್ಕಳಿಗೆ ಸಿಗುವುದು ಶಾಲೆಯ ಕಾರ್ಯಕ್ರಮದಲ್ಲಿ, ಇಲ್ಲವೆ ನೆರೆಮನೆಯ ಮಾಡಿಗೆ ತೂಗಿಬಿಟ್ಟ ಕಾಗದದ ನಕ್ಷತ್ರದ ಕೆಳಗೆ. ಆದ್ದರಿಂದ ಇಲ್ಲಿ ನಾನು ಮಾತಾಡುತ್ತಿರುವುದು ಮತವನ್ನು ಕಲಿಸುವ ಬಗ್ಗೆ ಅಲ್ಲ, ಎಲ್ಲ ಮನೆಯ ಮಕ್ಕಳೂ ಕೇಳುವ ಒಂದು ಕಥೆಯನ್ನು ಪ್ರಾಮಾಣಿಕವಾಗಿ ಹೇಳುವ ಬಗ್ಗೆ.

ಕನ್ನಡಕ್ಕೂ ಕ್ರೈಸ್ತ ಬೋಧನೆಗೂ ಈ ದಾರಿಯಲ್ಲಿ ಹಳೆಯ ನಂಟಿದೆ. 17ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಕಟ್ಟಿ, ಕನ್ನಡ ಕಲಿತು ಕನ್ನಡದಲ್ಲಿಯೇ ಬರೆದ. ಸತ್ಯಮಂಗಲ ಆ ಮಿಷನ್ನಿಗೆ ಸೇರಿದ ಸೀಮೆಯಾಗಿತ್ತು. 1830ರಲ್ಲಿ ಲಂಡನ್ ಮಿಷನ್ ಕೊಯಮತ್ತೂರಿಗೆ ಬಂತು. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ದುಡಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಗಡಿಯ ಎರಡೂ ಬದಿಗೆ ಎರಡು ಭಾಷೆಗಳ ಅನುವಾದಗಳು ಅಕ್ಕಪಕ್ಕದಲ್ಲಿ ಬೆಳೆದವು. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಕಾಣುವುದನ್ನು ಇನ್ನು ಹೇಳುತ್ತೇನೆ.

ಮೊದಲು 'ಛತ್ರ'. ಕನ್ನಡದ ಸತ್ಯವೇದವೂ ತಮಿಳಿನ ಹಳೆಯ ಅನುವಾದವೂ ಲೂಕನ 'ಕಟಾಲುಮ' ಎಂಬ ಗ್ರೀಕ್ ಪದಕ್ಕೆ ಛತ್ರವನ್ನೇ ಆರಿಸಿಕೊಂಡಿವೆ. ದಾರಿಹೋಕರಿಗಾಗಿ ಪುಣ್ಯಾರ್ಥವಾಗಿ ಕಟ್ಟಿಸಿದ ಮನೆ ಎಂಬ ಅರ್ಥ ನಮ್ಮ ಕಿವಿಗೆ ತಾನಾಗಿ ಬರುತ್ತದೆ. ಅಂಥ ಛತ್ರದಲ್ಲೂ ಜಾಗವಿಲ್ಲವೆಂದರೆ ಯಾರೋ ಪಾಪಿ ಇರಲೇಬೇಕು! ಆದರೆ ಲೂಕನು ಅದೇ ಪದವನ್ನು 22ನೆಯ ಅಧ್ಯಾಯದಲ್ಲಿ, ಯೇಸು ಶಿಷ್ಯರೊಡನೆ ಕಡೆಯ ಊಟ ಮಾಡಿದ ಮನೆಯ ಕೋಣೆಗೆ ಬಳಸುತ್ತಾನೆ. ನಿಜವಾದ ವಸತಿಗೃಹವನ್ನು ಹೇಳಬೇಕಾದಾಗ, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಅವನ ಪದವೇ ಬೇರೆ: 'ಪಂಡೋಕೇಯೊನ್'. ಇದನ್ನು ಹಿಡಿದು ಕೆನೆತ್ ಬೇಯ್ಲಿ ಎಂಬ ವಿದ್ವಾಂಸರು ಕಟಾಲುಮ ಎಂದರೆ ಹಳ್ಳಿಮನೆಯ ಅತಿಥಿಕೋಣೆ ಎಂದು ವಾದಿಸಿದರು. ಆ ಕೋಣೆ ತುಂಬಿತ್ತು. ಮನೆಯವರು ಬಸುರಿ ಹೆಂಗಸನ್ನು ತಾವು ಬಾಳುವ ನಡುಮನೆಗೇ ಕರೆದುಕೊಂಡರು. ಪ್ಯಾಲೆಸ್ತೀನಿನ ಹಳೆಯ ಮನೆಗಳಲ್ಲಿ ದನಗಳೂ ರಾತ್ರಿ ಅದೇ ಸೂರಿನಡಿ, ಒಂದು ಮೆಟ್ಟಿಲು ಕೆಳಗೆ ಇರುತ್ತಿದ್ದವು. ಅಲ್ಲಿಯೇ ಗೋದಲಿ.

ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ನನಗಂತೂ ಇದು ಮೂಲಕ್ಕೆ ಹತ್ತಿರವೆಂದು ತೋರುತ್ತದೆ. ದನಕರುಗಳೊಡನೆ ಒಂದೇ ಸೂರಿನಡಿ ಮಲಗಿದ್ದು ನಮ್ಮ ಹಳ್ಳಿಗಳ ಹಿರಿಯರಿಗೂ ನೆನಪಿರುವ ಬದುಕು. ಅವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

'ಗೋದಲಿ' ಎಂಬ ಪದ ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ದಿನಬಳಕೆಯದು. ಹಳೆ ಮೈಸೂರಿನ ಕಡೆ ಅದಕ್ಕೆ ಗೊಂತು ಎನ್ನುವವರುಂಟು. ತಮಿಳಿನ ಹಳೆಯ ಅನುವಾದದಲ್ಲಿ ಅದು 'ಮುನ್ನಣೈ', ಹೊಸದರಲ್ಲಿ ಮೇವಿನ ತೊಟ್ಟಿ. ಮಕ್ಕಳು ಚರ್ಚಿನಲ್ಲಿ ನೋಡುವ ಗೊಂಬೆಗಳ ಮಂಟಪಕ್ಕೆ ತಮಿಳಿನಲ್ಲಿ 'ಕುಡಿಲ್', ಅಂದರೆ ಗುಡಿಸಲು. ಹೀಗೆ ನಾಲ್ಕಾರು ಪದಗಳ ನಡುವೆ ಮಗುವಿನ ಮನೆಯ ಪದ ಎಲ್ಲೋ ಕಳೆದುಹೋಗುತ್ತದೆ. ಕಾಂಗೇಯಂ ಎತ್ತುಗಳ ನಾಡಿನಲ್ಲಿ ಬೆಳೆದ ಮಗುವಿಗೆ ದನ ಮೇವು ತಿನ್ನುವ ಜಾಗದ ಹೆಸರು ಪುಸ್ತಕದಿಂದ ಬರಬೇಕಿಲ್ಲ. ಅದನ್ನು ಮಗುವಿನ ಅಜ್ಜಿಯನ್ನು ಕೇಳಬೇಕು.

ಕುರುಬರ ಮಾತು ಇನ್ನೂ ಸೂಕ್ಷ್ಮ. ದೇವದೂತರು ಮೊದಲ ಸುದ್ದಿ ತಂದದ್ದು ಕುರಿ ಕಾಯುವವರಿಗೆ. ಹಳೆಯ ತಮಿಳು ಅನುವಾದ ಅವರನ್ನು 'ಮೇಯ್ಪ್ಪರ್', ಮೇಯಿಸುವವರು, ಎನ್ನುತ್ತದೆ. ಕನ್ನಡ ಅನುವಾದ ನೇರವಾಗಿ 'ಕುರುಬರು' ಎನ್ನುತ್ತದೆ. ಕಸುಬಿನ ಹೆಸರೂ ಅದೇ, ಜಾತಿಯ ಹೆಸರೂ ಅದೇ. ಗುರುತಿರುವ ಒಂದು ಜನದ ಹೆಸರನ್ನು ಕನ್ನಡ ಮಗು ಈ ಕಥೆಯಲ್ಲಿ ಕೇಳುತ್ತದೆ. ಅರಮನೆಗೆ ಹೋಗದ ಸುದ್ದಿ ಅವರ ಹಟ್ಟಿಗೆ ಬಂತು. ಸಮಾನತೆಯ ಬಗ್ಗೆ ಹತ್ತು ಪಾಠ ಹೇಳುವುದಕ್ಕಿಂತ ಈ ಒಂದು ಪದವನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲು.

ಲೇಖನದ ಹೃದಯವಿರುವುದು 'ಸಮಾಧಾನ'ದಲ್ಲಿ. ದೇವದೂತರ ಹಾಡಿನಲ್ಲಿ ಬರುವ 'ಐರೇನೆ' ಎಂಬ ಗ್ರೀಕ್ ಪದಕ್ಕೆ, ಅದರ ಹಿಂದಿರುವ ಹೀಬ್ರೂವಿನ 'ಶಾಲೋಮ್'ಗೆ, ಕನ್ನಡದ ಸತ್ಯವೇದ ಕೊಟ್ಟ ಪದ ಸಮಾಧಾನ. ತಮಿಳಿನ ಹಳೆಯ ಅನುವಾದದಲ್ಲೂ ಅದೇ: ಸಮಾದಾನಂ. ಯೆಶಾಯನ ಪ್ರವಾದನೆಯ ಮಗು ಎರಡೂ ಭಾಷೆಗಳಲ್ಲಿ ಸಮಾಧಾನದ ಪ್ರಭು. ಕನ್ನಡ ಕಥೋಲಿಕರ ಪೂಜೆಯಲ್ಲಿ ಶಾಂತಿ ಎಂಬ ಪದಕ್ಕೆ ಬಳಕೆ ಹೆಚ್ಚು, ತಮಿಳು ಕಥೋಲಿಕರು 'ಅಮೈದಿ' ಎನ್ನುತ್ತಾರೆ. ಶಾಂತಿ ಗಂಭೀರವಾದ ಪದ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ತರಗತಿಯಲ್ಲಿ ಶಾಂತಿ ಎಂದರೆ ಸದ್ದು ಮಾಡದಿರುವುದು. ಸಮಾಧಾನ ಹಾಗಲ್ಲ, ಅದು ಮಾಡುವಂಥದ್ದು. ಅಳುವ ಕೂಸನ್ನು ಸಮಾಧಾನ ಮಾಡುತ್ತೇವೆ. ಜಗಳವಾಡಿದ ಅಣ್ಣತಮ್ಮಂದಿರನ್ನು ಕೂರಿಸಿ ಸಮಾಧಾನಪಡಿಸುತ್ತೇವೆ. ಶಾಸ್ತ್ರಚರ್ಚೆಯಲ್ಲಿ ಶಂಕೆ ಎದ್ದರೆ ಅದಕ್ಕೊಂದು ಸಮಾಧಾನ ಹೇಳುತ್ತೇವೆ, ಅಂದರೆ ಉತ್ತರ ಕೊಡುತ್ತೇವೆ. ಯಾರೋ ಒಬ್ಬರು ಎದ್ದು ಬಂದು ಇನ್ನೊಬ್ಬರಿಗಾಗಿ ಮಾಡುವ ಕೆಲಸ ಅದು. ಐದು ವರ್ಷದ ಮಗುವಿಗೂ ಅದು ಗೊತ್ತು, ತನಗೇ ಅದನ್ನು ಮಾಡಿದವರಿದ್ದಾರೆ.

ಈ ಪದದ ತೂಕ ತಿಳಿಯಲು ಲೂಕನ ಕಾಲದ ಇನ್ನೊಂದು ಶಾಂತಿಯನ್ನು ಎದುರಿಗಿಡಬೇಕು. ಅವನು ಕಥೆಯನ್ನು ಆರಂಭಿಸುವುದು ರೋಮಿನ ಚಕ್ರವರ್ತಿ ಔಗುಸ್ತನ ಜನಗಣತಿಯ ಆಜ್ಞೆಯಿಂದ. ಕ್ರಿ.ಪೂ. 9ರಲ್ಲಿ ರೋಮಿನಲ್ಲಿ ಔಗುಸ್ತನ ಶಾಂತಿಯ ಬಲಿಪೀಠ ಪ್ರತಿಷ್ಠೆಯಾಯಿತು. ಅದೇ ಕಾಲದ ಪ್ರಿಯೇನೆಯ ಶಾಸನ ಚಕ್ರವರ್ತಿಯ ಹುಟ್ಟುಹಬ್ಬವನ್ನು ಶುಭವಾರ್ತೆಯೆಂದು ಸಾರುತ್ತದೆ. ಆ ಶಾಂತಿ ಸೇನೆಯಿಂದಲೂ ಕಂದಾಯದಿಂದಲೂ ನಿಂತದ್ದು. ಗಣತಿಯೂ ಕಂದಾಯಕ್ಕಾಗಿಯೇ. ಚಕ್ರವರ್ತಿಗೆ ಮೀಸಲಾಗಿದ್ದ ಶುಭವಾರ್ತೆ, ಶಾಂತಿ ಎಂಬ ಪದಗಳನ್ನೇ ಲೂಕನು ತೆಗೆದುಕೊಂಡು ಗೋದಲಿಯಲ್ಲಿ ಮಲಗಿದ ಕೂಸಿಗೆ ಕೊಟ್ಟ. ದೊಡ್ಡ ತರಗತಿಯ ಮಕ್ಕಳಿಗೆ ಇದನ್ನು ಚರಿತ್ರೆಯ ಪಾಠದ ಜೊತೆಗೇ ಹೇಳಬಹುದು.

ಕಥೆಯ ಕ್ರೂರ ದೊರೆ ಹೆರೋದನನ್ನು ಮಕ್ಕಳಿಂದ ಮುಚ್ಚಿಡುವುದು ವಾಡಿಕೆ. ಅವನು ಮಾಡಿಸಿದ ಶಿಶುಗಳ ಹತ್ಯೆಯನ್ನು ಎಳೆಯರ ಮುಂದೆ ಆಡಿ ತೋರಿಸಬೇಕೆಂದು ನಾನೂ ಹೇಳಲಾರೆ. ಆದರೆ ಮತ್ತಾಯನ ಸುವಾರ್ತೆಯ ಜೋಯಿಸರನ್ನು ಉಡುಗೊರೆಗೆ ಮಾತ್ರ ಕರೆತಂದು ಕಳಿಸಿಬಿಡುವುದು ಅನ್ಯಾಯ. ದೊರೆ ಅವರಿಗೆ, ಮಗು ಎಲ್ಲಿದೆಯೆಂದು ಬಂದು ತಿಳಿಸಿ ಎಂದಿದ್ದ. ಅವರು ತಿಳಿಸಲಿಲ್ಲ, ಬೇರೆ ದಾರಿ ಹಿಡಿದು ಊರಿಗೆ ಹೋದರು. ಕತ್ತಿ ಹಿಡಿಯದೆ, ಸುಳ್ಳಾಡದೆ, ಸುಮ್ಮನೆ ದಾರಿ ಬದಲಿಸಿ ಒಂದು ಜೀವ ಉಳಿಸಿದರು. ಮಕ್ಕಳಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಆ ಕುಟುಂಬ ಐಗುಪ್ತಕ್ಕೆ ಓಡಿಹೋಯಿತು. ಪರಭಾಷೆಯ ನಾಡಿನಲ್ಲಿ ಬೆಳೆಯುವ ಕೂಸು ಎಂದರೆ ಅನ್ನೂರಿನ ಮಗುವಿಗೆ ದೂರದ ಮಾತಲ್ಲ.

ಗೊಂಬೆಗಳ ಗೋದಲಿಗೂ ಇಂಥದೇ ಹಿನ್ನೆಲೆಯಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಹುಲ್ಲು ಹರಡಿ, ಎತ್ತು ಕತ್ತೆಗಳನ್ನು ತರಿಸಿ ಈ ದೃಶ್ಯವನ್ನು ಜನರ ಕಣ್ಣಮುಂದೆ ಇಟ್ಟ. ಅದಕ್ಕೆ ನಾಲ್ಕು ವರ್ಷ ಮೊದಲು, 1219ರಲ್ಲಿ, ಐದನೆಯ ಧರ್ಮಯುದ್ಧ ನಡೆಯುತ್ತಿದ್ದಾಗ ಅವನು ಈಜಿಪ್ಟಿನ ದಮಿಯೆತ್ತಾದ ಬಳಿ ಯುದ್ಧದ ಗಡಿ ದಾಟಿ ಸುಲ್ತಾನ ಅಲ್ ಕಾಮಿಲನನ್ನು ಕಂಡು ಮಾತಾಡಿ ಬಂದಿದ್ದ. ಈ ಎರಡು ಸಂಗತಿಗಳನ್ನು ಬೇರೆ ಬೇರೆ ಪಾಠವಾಗಿಸದೆ ಒಟ್ಟಿಗೆ ಹೇಳಬೇಕು. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳ ಮಕ್ಕಳಿಗೆ ಗೋದಲಿ ಜೋಡಿಸುವುದು ಹೊಸ ವಿದ್ಯೆಯೇನಲ್ಲ. ಎರಡನೆಯ ಮಹಾಯುದ್ಧದ ವರ್ಷಗಳನ್ನು ಅಡ್ಯಾರಿನಲ್ಲೂ ಕೊಡೈಕಾನಲ್ಲಿನಲ್ಲೂ ಕಳೆದ ಮರಿಯಾ ಮಾಂಟೆಸ್ಸೊರಿ ಶಾಂತಿಯ ಶಿಕ್ಷಣವನ್ನು ಮಗುವಿನ ಕೈಕೆಲಸದಲ್ಲಿ ಹುಡುಕಿದರು. ಅವರ ಹಾದಿಯಲ್ಲಿ ಸೋಫಿಯಾ ಕವಲೆತ್ತಿ 1954ರಲ್ಲಿ ರೋಮಿನಲ್ಲಿ ಆರಂಭಿಸಿದ ಬೋಧನಾಕ್ರಮದಲ್ಲಿ ಮಗು ಸಣ್ಣ ಗೊಂಬೆಗಳನ್ನು ತಾನೇ ಸರಿಸುತ್ತ ಕಥೆ ಕೇಳುತ್ತದೆ. ನೀತಿ ಹೇಳುವ ಅವಸರ ಅಲ್ಲಿ ಇಲ್ಲ.

ಅನ್ನೂರಿನ ದಾರಿಗೆ ಮರಳುತ್ತೇನೆ. 1991ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು. ಡಿಸೆಂಬರಿನಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಕರ್ನಾಟಕದಲ್ಲಿ ಹಿಂಸೆ ಭುಗಿಲೆದ್ದು ಸಾವಿರಾರು ತಮಿಳು ಕುಟುಂಬಗಳು ಊರು ಬಿಟ್ಟವು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ನಡುವೆ, 1998ರ ಫೆಬ್ರವರಿ 14ರಂದು, ಕೊಯಮತ್ತೂರಿನ ಸರಣಿ ಸ್ಫೋಟಗಳಲ್ಲಿ 58 ಜನ ಸತ್ತರು. ಇದೆಲ್ಲ ಇಲ್ಲಿಯ ಮಕ್ಕಳ ಅಪ್ಪ ಅಮ್ಮಂದಿರು ಕಂಡ ಕಾಲ. ಮನೆಯ ಮಾತು ಒಂದು ಕಡೆ, ಶಾಲೆಯ ಮಾತು ಇನ್ನೊಂದು ಕಡೆ ನಿಂತು ಬಡಿದಾಡುವಾಗ ಎರಡನ್ನೂ ಆಡುವ ಮಗು ಯಾರ ಪರ? ಎರಡೂ ಭಾಷೆಗಳು ಆ ಮಗುವಿಗೆ ಒಂದೇ ಪದವನ್ನು ಕೊಟ್ಟಿವೆ. ಸಮಾಧಾನ ಎಂದರೂ ಅದೇ, ಸಮಾದಾನಂ ಎಂದರೂ ಅದೇ.

ಬರುವ ಡಿಸೆಂಬರಿನಲ್ಲಿ ನಾಟಕ ಕಟ್ಟುವ ಟೀಚರುಗಳಲ್ಲಿ ನನ್ನದೊಂದು ವಿನಂತಿ. ಛತ್ರದ ಯಜಮಾನನ ಪಾತ್ರವನ್ನು ಈ ಸಲ ಕೈಬಿಡಿ. ಗಟ್ಟಿ ದನಿಯ ಆ ಹುಡುಗನಿಗೆ ಹಾಸಿಗೆ ಸರಿಸಿ ಜಾಗ ಮಾಡಿಕೊಡುವ ಮನೆಯವನ ಪಾತ್ರ ಕೊಡಿ, ಮಾತುಗಳನ್ನು ಅವನು ತನ್ನ ಮನೆಯ ಕನ್ನಡದಲ್ಲೇ ಆಡಲಿ.