‘ಕೃಪಾಪೋಷಿತ’ ನಾಟಕಮಂಡಳಿಗಳು

ಶ್ರೀಮಠದ ಮಹೋತ್ಸವದ ಈ ಸ್ಮರಣಸಂಪುಟದಲ್ಲಿ ಶಾಸ್ತ್ರವಿಚಾರ, ಶರಣಚರಿತ್ರೆ, ಪೀಠಪರಂಪರೆಗಳ ಸಾಲಿನಲ್ಲಿ ನಾಟಕಮಂಡಳಿಗಳ ವೃತ್ತಾಂತಕ್ಕೆ ಎಡೆಯುಂಟೇ ಎಂದು ಭಕ್ತಮಹಾಶಯರಲ್ಲಿ ಕೆಲವರು ಶಂಕಿಸಬಹುದು. ವಿರಕ್ತರ ಕಾವಿಗೂ ವೇಷಧಾರಿಗಳ ಬಣ್ಣಕ್ಕೂ ಏನು ನಂಟು? ಈ ನಂಟನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಮಂಡಳಿಗಳ ಹೆಸರುಗಳಲ್ಲಿಯೇ ಅದು ಅಡಗಿದೆ.

೧೮೮೪ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಚಂದಣ್ಣನವರೂ ಅಬ್ದುಲ್ ಅಜೀಜ ಸಾಹೇಬರೂ ಕೂಡಿ ಕಟ್ಟಿದ ಮಂಡಳಿಯು ‘ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ’ವೆಂಬ ಹೆಸರನ್ನು ಧರಿಸಿತು. ಸಾಹೇಬರಿಗೆ ಈ ಹೆಸರು ಪರಕೀಯವೆನಿಸಲಿಲ್ಲವೆಂಬುದು ಗಮನಾರ್ಹವು. ಮುಂದೆ ಗುಬ್ಬಿ ವೀರಣ್ಣನವರು ಅದೇ ಮಂಡಳಿಯನ್ನು ನಾಡಿನಾದ್ಯಂತ ಪ್ರಸಿದ್ಧಿಗೆ ತಂದರು. ಅದಕ್ಕೂ ಮೊದಲು ಗದಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಮರಾಠೀ ನಾಟಕಗಳಿಗೆ ಮರುಳಾಗಿದ್ದ ಕನ್ನಡಿಗರನ್ನು ಕನ್ನಡದ ಕಡೆಗೆ ತಿರುಗಿಸುವ ಹಟದಿಂದ ಕಟ್ಟಿದ ಮಂಡಳಿಗೂ ಊರಿನ ವೀರನಾರಾಯಣನ ಹೆಸರೇ ಇದ್ದಿತು. ಕಮತಗಿಯ ಶ್ರೀ ಹುಚ್ಚೇಶ್ವರ, ಗುಡಗೇರಿಯವರ ಶ್ರೀ ಸಂಗಮೇಶ್ವರ, ಹೀಗೆ ಹೇಳುತ್ತ ಹೋದರೆ ನಾಟ್ಯಸಂಘಗಳ ಪಟ್ಟಿಯು ದೇವಾಲಯಗಳ ಪಟ್ಟಿಯಂತೆಯೇ ಕಾಣುವುದು.

ಇದು ಬರಿಯ ಭಕ್ತಿಪ್ರದರ್ಶನವಲ್ಲ, ವ್ಯವಹಾರವೂ ಅಹುದು. ಸಣ್ಣ ಊರಿನಲ್ಲಿ ನಾಟಕಕ್ಕೆ ಬೇರೆ ಆಶ್ರಯವೆಲ್ಲಿತ್ತು? ಜಾತ್ರೆಯೇ ಆಶ್ರಯವು. ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ತೇರುಗಳೂ ಬರುವವು; ತೇರು ಇದ್ದಲ್ಲಿಗೆ ಮಂಡಳಿಗಳು ಬಿಡಾರ ಹೂಡುವವು. ಬಾದಾಮಿಯ ಬಳಿಯ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ತೇರಿನ ನಂತರವೂ ವಾರಗಟ್ಟಲೆ ನಾಟಕಗಳು ನಡೆಯುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಗಳು ನೆಟ್ಟು, ತಗಡು ಹೊದಿಸಿ, ಪರದೆ ಇಳಿಬಿಟ್ಟು, ಕಾಲುಪೇಟಿಯನ್ನು ಮುಂದಿಟ್ಟುಕೊಂಡರೆ ಮಂದಿರವು ಸಿದ್ಧ. ಹಗಲಲ್ಲಿ ಡೋಲು ಬಾರಿಸುತ್ತ ಕರಪತ್ರ ಹಂಚುವುದು. ರಾತ್ರಿ ಮೂರನೆಯ ಗಂಟೆ ಬಾರಿಸಿ ನಾಂದಿಪದವನ್ನು ಆರಂಭಿಸುವುದು. ಮೆಚ್ಚಿದ ಪದವನ್ನು ಜನರು ಮತ್ತೆ ಮತ್ತೆ ಹಾಡಿಸಿ ಬೆಳಗು ಮಾಡುತ್ತಿದ್ದರು. ಅಕ್ಷರವರಿಯದ ಒಕ್ಕಲಿಗನಿಗೆ ರಾಗದ ರುಚಿಯನ್ನು ಹತ್ತಿಸಿದುದು ಈ ತಗಡಿನ ಮಂದಿರವೇ. ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರೂ ಬಾಲ್ಯದಲ್ಲಿ ವಾಮನರಾವ ಮಾಸ್ತರರ ಮಂಡಳಿಯಲ್ಲಿ ಹಾಡಿ, ಆ ಬಳಿಕವೇ ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡರು.

ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಗೆ ಬಂದರೆ ವಿಷಯವು ಬೇರೊಂದು ಗಾಂಭೀರ್ಯವನ್ನು ತಾಳುತ್ತದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಹುಟ್ಟುಗುರುಡರು. ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ಅವರನ್ನು ಕರೆತಂದು ಸಂಗೀತವಿದ್ಯೆಗೆ ಹಚ್ಚಿದರು. ಕರ್ನಾಟಕ, ಹಿಂದುಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಗವಾಯಿಗಳು ಅಂಧರನ್ನೂ ಅನಾಥರನ್ನೂ ಜಾತಿ ಕೇಳದೆ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಕಡೆಗೆ ಗದಗಿನಲ್ಲಿ ನೆಲೆಯಾದರು. ವಿದ್ಯೆಯನ್ನು ಕೊಡಬಲ್ಲವರು ಗುರುಗಳು. ಆದರೆ ಅಷ್ಟು ಮಕ್ಕಳ ಹೊತ್ತುಹೊತ್ತಿನ ಪ್ರಸಾದಕ್ಕೆ ಜೋಳ ಎಲ್ಲಿಂದ ಬರಬೇಕು? ಜೋಳಿಗೆ ಸಾಲದಾಯಿತು. ಆಗ ಹುಟ್ಟಿಕೊಂಡಿತು ‘ಶ್ರೀ ಕುಮಾರೇಶ್ವರ ಕೃಪಾಪೋಷಿತ’ ನಾಟ್ಯಸಂಘವು.

ಮಿಕ್ಕ ಮಂಡಳಿಗಳಲ್ಲಿ ದೇವರ ಹೆಸರು ಆಟವನ್ನು ಪೋಷಿಸಿತು. ಇಲ್ಲಿ ಆಟವೇ ಆಶ್ರಮವನ್ನು ಪೋಷಿಸಿತು. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲೂ, ಹೆಣ್ಣು ಕೊಡಲೂ ಗೃಹಸ್ಥರು ಹಿಂಜರಿಯುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ನಿಷ್ಠಾವಂತರಾದ ಗುರುಗಳು ತಮ್ಮ ಗುರುವಿನ ಹೆಸರನ್ನು ನಾಟಕದ ಪರದೆಗೆ ಒಪ್ಪಿಸಿದುದು ಸಾಮಾನ್ಯ ಧೈರ್ಯವಲ್ಲ. ಇದನ್ನು ಆಚಾರಹಾನಿಯೆನ್ನುವವರಿಗೆ ಕಾಯಕದ ವಿಚಾರವನ್ನು ನೆನಪಿಸಿದರೆ ಸಾಕು. ದುಡಿದು ತಂದುದು ದಾಸೋಹಕ್ಕೆ ಸಂದರೆ ಆ ದುಡಿಮೆ ಗದ್ದೆಯದೋ ಮಗ್ಗದ್ದೋ ರಂಗದ್ದೋ ಎಂಬ ಭೇದವನ್ನು ಶರಣಧರ್ಮವು ಎಣಿಸದೆಂದೇ ನನ್ನ ದೃಢವಾದ ಅಭಿಪ್ರಾಯ. ತಿಕೀಟಿನ ಹಣವು ಕಾಣಿಕೆಗಿಂತ ಕೀಳೆಂದು ನಾನು ತಿಳಿಯಲಾರೆ.

೧೯೪೪ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವು ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಅವರು ತಾವೇ ನಾಟಕಗಳನ್ನು ರಚಿಸಿ, ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಭಾರವನ್ನು ಹೊತ್ತರು. ಅತ್ತ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನ ಪಾತ್ರವನ್ನು ವಹಿಸಿ, ಪುರಾಣ ಪ್ರವಚನಕ್ಕೆ ಬಾರದವರಿಗೂ ಅಣ್ಣನ ದರ್ಶನವನ್ನು ಮಾಡಿಸಿದರು. ೧೯೧೪ರಲ್ಲಿ ಹುಟ್ಟಿದ ಆ ಹಿರಿಯರೂ ೨೦೧೭ರಲ್ಲಿ ಕಣ್ಮರೆಯಾದರು.

ನೋಡಿ ಹೇಳಬಲ್ಲವರು ಹೀಗೆ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮಂಡಳಿಗಳ ಕರಪತ್ರಗಳು, ಪದಗಳ ಚಿಕ್ಕ ಪುಸ್ತಕಗಳು, ಜಮಾಖರ್ಚಿನ ವಹಿಗಳು ಭಕ್ತರ ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರಬಹುದು. ಅಂಥವು ಯಾರಲ್ಲಿದ್ದರೂ, ಹರಿದಿದ್ದರೂ ಸರಿಯೆ, ಶ್ರೀಮಠದ ಪುಸ್ತಕಭಾಂಡಾರಕ್ಕೆ ತಂದೊಪ್ಪಿಸಬೇಕಾಗಿ ವಿನಂತಿ. ತಾಡವೋಲೆಗಳ ಮಗ್ಗುಲಲ್ಲಿಯೇ ಅವಕ್ಕೆ ಸ್ಥಳವನ್ನು ತೆರವು ಮಾಡಿ ಇರಿಸಿದ್ದೇವೆ.